ಕೊಂಡುಕುರಿ ಕಾಡಿಗೆ ಹೋಗುವ ಮುನ್ನ

ನಾಲ್ಕು ಮಳೆ ಬಿದ್ದರೆ ಸಾಕು, ಜೋಗಿಮಟ್ಟಿಯ ಮಂಜಿನ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗುತ್ತವೆ. ಚಿತ್ರದುರ್ಗದ ಕೋಟೆ ನೋಡಲು ಬಂದವರು ಹಾಗೇ ಗುಡ್ಡದ ಕಡೆ ಗಾಡಿ ತಿರುಗಿಸುತ್ತಾರೆ. ದಾವಣಗೆರೆಯವರು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿಗೆ ಹೋಗಬಹುದೇ ಎಂದು ವಿಚಾರಿಸುತ್ತಾರೆ. ಇಬ್ಬರದೂ ಮೊದಲ ಪ್ರಶ್ನೆ ಒಂದೇ: ‘ಅಲ್ಲಿ ಪ್ರಾಣಿ ಕಾಣ್ತಾವಾ?’

ಬಂಡೀಪುರದ ಲೆಕ್ಕ ಇಟ್ಟುಕೊಂಡು ಹೋದರೆ ನಿರಾಸೆ ಖಚಿತ. ಈ ಸೀಮೆಯ ಕುರುಚಲು ಕಾಡಿನಲ್ಲಿ ಪ್ರಾಣಿಗಳು ಬದುಕುವುದೇ ಕಾಣಿಸಿಕೊಳ್ಳದೆ ಇರುವುದರಿಂದ. ಆದರೆ ಅವು ಎಲ್ಲಿ ನಡೆದವು, ಏನು ತಿಂದವು, ಎಲ್ಲಿ ನೀರು ಕುಡಿದವು ಎಂಬುದೆಲ್ಲ ನೆಲದ ಮೇಲೆ ದಾಖಲಾಗಿರುತ್ತದೆ. ಅದನ್ನು ಓದುವ ಬಗೆ ಗೊತ್ತಿದ್ದವರಿಗೆ ಒಂದು ಪ್ರಾಣಿಯೂ ಕಾಣದ ದಿನವೂ ಕಾಡು ಖಾಲಿ ಅನ್ನಿಸುವುದಿಲ್ಲ.

ಧಾಮ ಎಂದರೇನು?

ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಸಣ್ಣ ಹುಲ್ಲೆ) ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಹೊಲದ ಲೆಕ್ಕದಲ್ಲಿ ಹೇಳುವುದಾದರೆ ಹತ್ತೊಂಬತ್ತು ಸಾವಿರ ಎಕರೆ. 1997ರವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆ ಜಿಲ್ಲೆಯಾದಾಗ ಅತ್ತ ಸೇರಿತು. ಆದ್ದರಿಂದ ಹಳೆಯ ಬರಹಗಳಲ್ಲಿ ಈ ಕಾಡನ್ನು ಹುಡುಕುವವರು ಚಿತ್ರದುರ್ಗದ ಪುಟಗಳನ್ನೂ ತಿರುವಬೇಕು.

ಮೀಸಲು ಅರಣ್ಯ, ಧಾಮ, ರಾಷ್ಟ್ರೀಯ ಉದ್ಯಾನ, ಈ ಮೂರು ಪದಗಳನ್ನು ಪತ್ರಿಕೆಗಳೂ ಒಮ್ಮೊಮ್ಮೆ ಕಲಸಿಬಿಡುತ್ತವೆ. ಮೀಸಲು ಅರಣ್ಯ ಎನ್ನುವುದು ಅರಣ್ಯ ಕಾನೂನಿನ ಮಾತು. ಅಲ್ಲಿ ಮುಖ್ಯವಾಗಿ ಕಾಯುವುದು ನೆಲ ಮತ್ತು ಮರವನ್ನು. ಧಾಮ ಮತ್ತು ರಾಷ್ಟ್ರೀಯ ಉದ್ಯಾನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು. ಅಲ್ಲಿ ಕಾಯುವುದು ಪ್ರಾಣಿಯನ್ನೂ ಅದು ಬದುಕುವ ಜಾಗವನ್ನೂ ಒಟ್ಟಿಗೆ. ಮನೆಗೆ ಹೋಲಿಸಿದರೆ ರಾಷ್ಟ್ರೀಯ ಉದ್ಯಾನ ದೇವರಮನೆ ಇದ್ದಂತೆ, ದನ ಮೇಯಿಸಲು ಅವಕಾಶವೇ ಇಲ್ಲ. ಧಾಮ ನಡುಮನೆ: ಬಂದವರು ಕೂರಬಹುದು, ಆದರೆ ಮನೆಯವರನ್ನು ಕೇಳಿ. ಇಲ್ಲಿ ಮೇಯಿಸುವುದಕ್ಕೆ ಪೂರ್ತಿ ನಿಷೇಧವಿಲ್ಲ, ಇಲಾಖೆಯ ಹತೋಟಿ ಇರುತ್ತದೆ. ಧಾಮದ ಸುತ್ತಲಿನ ‘ಪರಿಸರ ಸೂಕ್ಷ್ಮ ವಲಯ’ ಅಂಗಳ. ಅಲ್ಲಿ ಬೇಸಾಯ ಮಾಡಬಹುದು, ಊರೂ ಇರಬಹುದು. ಗಣಿಗಾರಿಕೆಯಂಥ ಕೆಲಸಗಳಿಗೆ ಮಾತ್ರ ಕಡಿವಾಣ.

ಹೆಸರಿಗಷ್ಟೇ ಕುರಿ

ಕೊಂಡುಕುರಿಗೂ ಕುರಿಗೂ ಹತ್ತಿರದ ನಂಟಿಲ್ಲ. ಅದು ಜಿಂಕೆಯೂ ಅಲ್ಲ, ಹುಲ್ಲೆ. ಜಿಂಕೆ, ಹುಲ್ಲೆಗಳ ವ್ಯತ್ಯಾಸ ಕೊಂಬಿನಲ್ಲಿದೆ. ಜಿಂಕೆಯ ಕೊಂಬು ಮೂಳೆ. ಕವಲೊಡೆದು ಬೆಳೆದು, ಉದುರಿ, ಮತ್ತೆ ಹೊಸದಾಗಿ ಬರುತ್ತದೆ, ಮರದ ಎಲೆಯ ಹಾಗೆ. ಹುಲ್ಲೆಯದು ಹಸು, ಆಡುಗಳ ಕೊಂಬಿನಂತೆ ಒಳಗೆ ಮೂಳೆಯ ತಿರುಳು, ಮೇಲೆ ನಮ್ಮ ಉಗುರಿನಂಥದ್ದೇ ವಸ್ತುವಿನ ಕವಚ. ಅದು ಉದುರುವುದಿಲ್ಲ, ಮುರಿದರೆ ಮುರಿಯಿತು.

ಕೊಂಡುಕುರಿಯ ವಿಶೇಷವೆಂದರೆ ಗಂಡಿಗೆ ನಾಲ್ಕು ಕೊಂಬು. ಕಾಡುಪ್ರಾಣಿಗಳಲ್ಲಿ ಹೀಗಿರುವುದು ಪ್ರಪಂಚದಲ್ಲಿ ಇದೊಂದೇ, ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಕಿವಿಗಳ ನಡುವಿನ ಹಿಂದಿನ ಜೋಡಿ 8ರಿಂದ 12 ಸೆಂ.ಮೀ., ಹಣೆಯ ಮೇಲಿನ ಮುಂದಿನ ಜೋಡಿ 2ರಿಂದ 5 ಸೆಂ.ಮೀ. ದಕ್ಷಿಣದ ಗಂಡುಗಳಲ್ಲಿ ಮುಂದಿನದು ಬರೀ ಗುಬಟಾಗಿ ಉಳಿಯುವುದೂ ಉಂಟು. ಹೆಣ್ಣಿಗೆ ಕೊಂಬೇ ಇಲ್ಲ. ಹಾಗಾಗಿ ನಾಲ್ಕು ಕೊಂಬು ಎಣಿಸಿಯೇ ಗುರುತಿಸುತ್ತೇನೆ ಎಂದು ಹೊರಟವರು ಕಣ್ಣೆದುರಿಗೆ ಬಂದ ಕೊಂಡುಕುರಿಯನ್ನೇ ಬಿಟ್ಟುಬಿಡುತ್ತಾರೆ. ಗಾತ್ರ ನೋಡಿ: ಹೆಗಲಿನ ಎತ್ತರ 55ರಿಂದ 64 ಸೆಂ.ಮೀ., ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ಮಣ್ಣಿನ ಕಂದು ಬಣ್ಣ, ಕಾಲಿನ ಮುಂಭಾಗದಲ್ಲಿ ಕಪ್ಪು ಪಟ್ಟಿ, ಬೆನ್ನು ತುಸು ಕಮಾನು, ಹೆಜ್ಜೆ ಎತ್ತಿ ಎತ್ತಿ ಇಡುವ ಅಳುಕಿನ ನಡಿಗೆ. ಒಂಟಿ, ಇಲ್ಲವೇ ಜೋಡಿ, ಇಲ್ಲವೇ ತಾಯಿ-ಮರಿ. ಹಿಂಡು ಕಂಡರೆ ಅದು ಕೊಂಡುಕುರಿಯಲ್ಲ.

ಒಂಟಿತನಕ್ಕೆ ಕಾರಣವಿದೆ. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಬಯಲಿನ ಪ್ರಾಣಿ. ಬಯಲಿನಲ್ಲಿ ಅಡಗಲು ಜಾಗವಿಲ್ಲ, ಹಾಗಾಗಿ ನೂರು ಕಣ್ಣಿನ ಹಿಂಡು, ಶತ್ರು ಕಂಡರೆ ಓಟ. ಪೊದೆಕಾಡಿನಲ್ಲಿ ಹಿಂಡು ಕಟ್ಟಿದರೆ ಸದ್ದಾಗುತ್ತದೆ, ಚಿರತೆಗೆ ಗೊತ್ತಾಗುತ್ತದೆ. ಅಲ್ಲಿ ಒಂಟಿಯಾಗಿ, ಹುಲ್ಲಿನಲ್ಲಿ ಅಲುಗಾಡದೆ ನಿಂತವನೇ ಉಳಿಯುತ್ತಾನೆ. ಕೊಂಡುಕುರಿ ನಿಮ್ಮನ್ನು ನೋಡಿದೊಡನೆ ಓಡುವುದಿಲ್ಲ. ಕಲ್ಲಿನಂತೆ ನಿಲ್ಲುತ್ತದೆ ಅಥವಾ ತಲೆ ತಗ್ಗಿಸಿ ಕೂರುತ್ತದೆ. ತೀರಾ ಹತ್ತಿರ ಹೋದಾಗ ಮಾತ್ರ ಚಿಮ್ಮಿ ಓಡುತ್ತದೆ. ಮುಂದೆ ಬರುವ ಬಹುಪಾಲು ನಿಯಮಗಳ ಬೇರು ಇದೇ ಸ್ವಭಾವದಲ್ಲಿದೆ.

ಆಡು ಮುಟ್ಟದ ಸೊಪ್ಪಿಲ್ಲ, ಕೊಂಡುಕುರಿ ಮುಟ್ಟುವುದು ಕೆಲವೇ

ಎಮ್ಮೆಗೆ ಒಣಹುಲ್ಲು ಹಾಕಿದರೂ ನಡೆಯುತ್ತದೆ. ದೊಡ್ಡ ಹೊಟ್ಟೆಯಲ್ಲಿ ಒರಟು ಮೇವು ಬಹಳ ಹೊತ್ತು ಕೊಳೆತು ಸಾರ ಬಿಡುತ್ತದೆ. ಇಪ್ಪತ್ತು ಕೆ.ಜಿ. ಪ್ರಾಣಿಯ ಹೊಟ್ಟೆ ಚಿಕ್ಕದು. ಅಷ್ಟು ಹೊತ್ತು ಇಟ್ಟುಕೊಳ್ಳಲಾಗದು. ಅದಕ್ಕೇ ಅದು ಸಾರವಿರುವುದನ್ನೇ ಆರಿಸಿ ತಿನ್ನಬೇಕು: ಎಳೆ ಚಿಗುರು, ಉದುರಿದ ಹೂ, ಬಾರೆ, ನೆಲ್ಲಿಯಂಥ ಕಾಯಿ-ಹಣ್ಣು. ಒಂದೇ ಜಾಗದಲ್ಲಿ ಇವೆಲ್ಲ ವರ್ಷಪೂರ್ತಿ ಸಿಗಬೇಕಾದರೆ ಹಲವು ಬಗೆಯ ಮರ-ಪೊದೆಗಳು ಬೇಕು. ಕಾಡು ಹಸಿರಾಗಿ ಕಂಡರಷ್ಟೇ ಸಾಲದು. ಲಾಂಟಾನ ಅಥವಾ ಬಳ್ಳಾರಿ ಜಾಲಿ ತುಂಬಿದ ಎಕರೆಗಟ್ಟಲೆ ಹಸಿರಿನಲ್ಲಿ ಕೊಂಡುಕುರಿಗೆ ತಿನ್ನಲು ಸಿಗುವುದು ಅತ್ಯಲ್ಪ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500-600 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಉಳಿದ ತಿಂಗಳುಗಳನ್ನು ಮರಗಳು ಹೇಗೆ ಕಳೆಯುತ್ತವೆ? ಎಲೆಯ ಅಡಿಭಾಗದ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ವ್ಯಾಪಾರವಿಲ್ಲದ ದಿನ ಅಂಗಡಿ ಮುಚ್ಚಿ ಕರೆಂಟು ಉಳಿಸಿದ ಹಾಗೆ, ಜನವರಿಯ ಹೊತ್ತಿಗೆ ದಿಂಡಿಗದಂಥ ಮರಗಳು ಎಲೆ ಕೆಡವಲು ಶುರುಮಾಡುತ್ತವೆ. ಇದನ್ನೇ ಎಲೆ ಉದುರಿಸುವ ಒಣಕಾಡು ಎನ್ನುವುದು. ಕಾಡು ಸತ್ತಿದೆ ಎಂದು ಬೇಸಿಗೆಯಲ್ಲಿ ಬಂದವರು ಅಂದುಕೊಳ್ಳುತ್ತಾರೆ. ಸತ್ತಿಲ್ಲ, ಬಾಗಿಲು ಹಾಕಿದೆ. ಫೆಬ್ರುವರಿ-ಮಾರ್ಚಿನಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಮುತ್ತುಗ ಕೆಂಪಗೆ ಅರಳುತ್ತದೆ, ಆಮೇಲೆ ಕಕ್ಕೆಯ ಹಳದಿ.

ಒಂದು ಮರವನ್ನಾದರೂ ಗುರುತಿಸಲು ಕಲಿಯುವುದಾದರೆ ಕಮರ ಕಲಿಯಿರಿ. ಎರಡೆರಡು ಎಲೆಗಳು ಬುಡದಲ್ಲಿ ಕೂಡಿಕೊಂಡು, ಸೀಳಿದ ಗೊರಸಿನಂತೆ ಕಾಣುತ್ತವೆ. ಅದರ ಮರಮುಟ್ಟು ದೇಶದಲ್ಲೇ ಅತಿ ಭಾರದ್ದರಲ್ಲಿ ಒಂದು.

ನೀರಿನ ಲೆಕ್ಕ

ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿರುವ ಚಿಂಕಾರ ಎಂಬ ಹುಲ್ಲೆ ಸೊಪ್ಪಿನ ತೇವದಲ್ಲೇ ದಿನ ದೂಡಬಲ್ಲದು. ಕೊಂಡುಕುರಿಗೆ ಅದು ಆಗದು. ಪದೇಪದೇ ನೀರು ಕುಡಿಯಬೇಕು. ಹಾಗಾಗಿ ನೀರಿನಿಂದ ಬಹಳ ದೂರ ಹೋಗುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಹಳ್ಳಗಳು ಒಣಗಿದಾಗ ಉಳಿಯುವುದು ಕೆಲವೇ ಗೋಕಟ್ಟೆ, ಚೆಕ್ ಡ್ಯಾಂ, ತೊಟ್ಟಿಗಳು. ಕಾಡಿನ ಪ್ರಾಣಿಗಳೆಲ್ಲ ಅಲ್ಲಿಗೇ ಬರಬೇಕು.

ನೋಡುವವರಿಗೆ ಇದು ಅನುಕೂಲ, ಪ್ರಾಣಿಗೆ ಅಪಾಯ. ನೀರಿನ ಪಕ್ಕದಲ್ಲೇ ಚಾದರ ಹಾಸಿ ಬುತ್ತಿ ಬಿಚ್ಚಿದರೆ ನಿಮ್ಮ ಎರಡು ಗಂಟೆ ಒಂದು ಪ್ರಾಣಿಯ ಇಡೀ ದಿನದ ನೀರನ್ನು ತಪ್ಪಿಸಬಹುದು. ಅದು ಬೇರೆ ಹೊತ್ತಿನಲ್ಲಿ ಬರೋಣವೆಂದರೆ, ಆ ಹೊತ್ತು ಚಿರತೆಯದೋ ಬೀದಿನಾಯಿಯದೋ ಆಗಿರುತ್ತದೆ. ಕನಿಷ್ಠ ನೂರು ಮೀಟರ್ ದೂರದಲ್ಲಿ, ಮರ ಅಥವಾ ಬಂಡೆ ಬೆನ್ನಿಗೆ ಬರುವಂತೆ ಕೂರಬೇಕು. ಬಯಲಿಗೆ ಎದುರಾಗಿ ಆಕಾಶ ಹಿನ್ನೆಲೆಯಾದರೆ ನಿಮ್ಮ ತಲೆ ಅಲುಗಿದ್ದೂ ಅದಕ್ಕೆ ಕಾಣುತ್ತದೆ.

ಕೂರುವ ದಿಕ್ಕು ದೂರಕ್ಕಿಂತ ಮುಖ್ಯ. ಒಂದು ಚಿಟಿಕೆ ಒಣ ಮಣ್ಣನ್ನು ಬೆರಳಿನಿಂದ ಬಿಟ್ಟು ನೋಡಿ, ಗಾಳಿ ಎತ್ತ ಒಯ್ಯುತ್ತದೆ ಎಂದು ತಿಳಿಯುತ್ತದೆ. ಗಾಳಿ ನೀರಿನ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು. ಪಡುವಣ ಗಾಳಿಯಿದ್ದರೆ ನೀರಿಗೆ ಮೂಡಣದ ಬದಿಯಲ್ಲಿ ಕೂರುವುದು. ಸೆಂಟು, ಸೊಳ್ಳೆ ಮುಲಾಮು, ಬೀಡಿ, ಇವುಗಳ ವಾಸನೆ ಮಾತಿಗಿಂತ ದೂರ ಹೋಗುತ್ತದೆ.

ಹಿಕ್ಕೆ, ಹೆಜ್ಜೆ, ಹುತ್ತ

ಕೊಂಡುಕುರಿ ಇದೆ ಎಂದು ತಿಳಿಯಲು ಅತ್ಯಂತ ನಂಬಿಕೆಯ ಗುರುತು ಅದರ ಹಿಕ್ಕೆ. ಕುರಿ-ಆಡುಗಳು ನಡೆಯುತ್ತಲೇ ಹಿಕ್ಕೆ ಉದುರಿಸುತ್ತವೆ, ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದೆ. ಸಣ್ಣ, ಉದ್ದನೆಯ ಹಿಕ್ಕೆಗಳ ಗುಡ್ಡೆ. ಮೇಲಿನವು ಹೊಸದಾಗಿ ಕಪ್ಪಗೆ ಹೊಳೆಯುತ್ತವೆ, ಅಡಿಯವು ಹಳತಾಗಿ ಬೂದುಬಣ್ಣಕ್ಕೆ ತಿರುಗಿ ಪುಡಿಯಾಗಿರುತ್ತವೆ. ಹೊಸದೂ ಹಳೆಯದೂ ಒಂದೇ ಗುಡ್ಡೆಯಲ್ಲಿದ್ದರೆ ಆ ಪ್ರಾಣಿ ವಾರಗಟ್ಟಲೆಯಿಂದ ಅಲ್ಲೇ ಓಡಾಡುತ್ತಿದೆ ಎಂದರ್ಥ. ಇದು ಅವುಗಳ ನೋಟಿಸ್ ಬೋರ್ಡು: ‘ಈ ಜಾಗದಲ್ಲಿ ನಾನಿದ್ದೇನೆ’ ಎಂಬ ಸುದ್ದಿ ವಾಸನೆಯಲ್ಲಿ ಬರೆದಿರುತ್ತದೆ. ಕಣ್ಣಿನ ಮುಂದಿರುವ ಗ್ರಂಥಿಯ ರಸವನ್ನು ಗಿಡದ ಕಡ್ಡಿಗೆ ಒರೆಸುವುದೂ ಇದೇ ಉದ್ದೇಶಕ್ಕೆ. ಗುಡ್ಡೆಯನ್ನು ಕೋಲಿನಿಂದ ಕೆದಕಿ ಚೆದುರಿಸಬೇಡಿ.

ಹೆಜ್ಜೆ ಗುರುತು ನೋಡಲು ಒಣಗುತ್ತಿರುವ ಹಳ್ಳದ ಅಂಚಿನ ಕೆಸರು, ಕಾಡುದಾರಿಯ ನಯವಾದ ದೂಳು ಒಳ್ಳೆಯ ಜಾಗ. ಹೊತ್ತು ಬೆಳಗಿನದೇ ಆಗಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಅಂಚುಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಮಧ್ಯಾಹ್ನ ಅದೇ ಹೆಜ್ಜೆ ಮಾಯ. ಚಿರತೆಯದೋ ನಾಯಿಯದೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಮೊದಲು ಉಗುರು ನೋಡಿ: ನಾಯಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆ ಇರುತ್ತದೆ; ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಇರುವುದಿಲ್ಲ. ಆಮೇಲೆ ಅಂಗಾಲಿನ ಹಿಂದಂಚು: ಚಿರತೆಯದರಲ್ಲಿ ಮೂರು ಉಬ್ಬುಗಳು, ನಾಯಿಯದರಲ್ಲಿ ಹಾಗಿಲ್ಲ. ಉಗುರು ಇದ್ದು, ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಕತ್ತೆಕಿರುಬ ಇರಬಹುದು.

ಕರಡಿಯ ಹಿಂಗಾಲಿನ ಹೆಜ್ಜೆ ನೋಡಿ ಬೆಚ್ಚುವವರಿದ್ದಾರೆ, ಬರಿಗಾಲಿನ ಮನುಷ್ಯನದೇ ಎಂಬಂತಿರುತ್ತದೆ. ವ್ಯತ್ಯಾಸವೆಂದರೆ ಬೆರಳುಗಳಿಂದ ಸಾಕಷ್ಟು ಮುಂದೆ ಮೂಡಿದ ಉಗುರಿನ ಗುರುತು. ಪಕ್ಕದಲ್ಲೆಲ್ಲೋ ಬಗೆದ ಹುತ್ತವೂ ಇರುತ್ತದೆ. ಕರಡಿ ಹುತ್ತವನ್ನು ಉಗುರಿನಿಂದ ಒಡೆದು, ಮೂತಿ ತೂರಿಸಿ, ಮಣ್ಣನ್ನು ಊದಿ ಗೆದ್ದಲನ್ನು ಹೀರುತ್ತದೆ. ಅದರ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಇಲ್ಲದಿರುವುದು ಇದೇ ಕೆಲಸಕ್ಕೆ ಅನುಕೂಲ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಹಿಕ್ಕೆಯ ಬದಲು ಬಾರೆಬೀಜ, ಕಕ್ಕೆಬೀಜ ತುಂಬಿದ ದೊಡ್ಡ ಲದ್ದಿ ಕಂಡರೂ ಅದು ಕರಡಿಯದೇ.

ಎಲ್ಲಿ ಸುಮ್ಮನಿರಬೇಕು, ಎಲ್ಲಿ ಸದ್ದು ಮಾಡಬೇಕು

ಕಾಡಿನಲ್ಲಿ ಮಾತಾಡಬಾರದು ಎಂಬ ಉಪದೇಶ ಅರ್ಧ ಮಾತ್ರ ನಿಜ. ನೀರಿನ ಬಳಿ, ತೆರಪಿನಲ್ಲಿ ಸುಮ್ಮನಿರಬೇಕು. ಆದರೆ ಬಂಡೆಗಳ ಸಂದಿ, ಲಾಂಟಾನದ ಒತ್ತು ಪೊದೆ, ದಾರಿಯ ಕುರುಡು ತಿರುವು ಬಂದಾಗ ಮೆಲ್ಲಗೆ ಮಾತಾಡುತ್ತಾ ಅಥವಾ ಕೋಲಿನಿಂದ ಕಲ್ಲು ಕುಟ್ಟುತ್ತಾ ಹೋಗಬೇಕು. ಕಾರಣ ಕರಡಿ. ಅದರ ಮೂಗು ಬಹಳ ಚುರುಕು, ಕಣ್ಣು ಮಂದ. ಗೆದ್ದಲು ಹೀರುತ್ತಿದ್ದರೆ ನೀವು ಬಂದದ್ದೇ ತಿಳಿಯುವುದಿಲ್ಲ. ಹತ್ತು ಹೆಜ್ಜೆಯಲ್ಲಿ ಏಕಾಏಕಿ ಎದುರಾದಾಗ ಅದು ಹೆದರುತ್ತದೆ, ಹೆದರಿದಾಗ ಮೇಲೆ ಬೀಳುತ್ತದೆ. ದೂರದಿಂದಲೇ ಸದ್ದು ಕೇಳಿದ ಕರಡಿ ಸಾಮಾನ್ಯವಾಗಿ ತಾನೇ ದಾರಿ ಬಿಡುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ಕಂಡರೆ ಓಡಬೇಡಿ, ಅದು ನಿಮಗಿಂತ ವೇಗ. ಮರ ಹತ್ತಿದರೂ ಪ್ರಯೋಜನವಿಲ್ಲ, ಅದಕ್ಕೂ ಬರುತ್ತದೆ. ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಮೈಮೇಲೆ ಬಂದೇಬಿಟ್ಟರೆ ಬೋರಲು ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಂಡು ಮುಖವನ್ನು ನೆಲಕ್ಕೆ ಒತ್ತಬೇಕು. ಕರಡಿ ದಾಳಿಯಲ್ಲಿ ಕೆಟ್ಟ ಗಾಯಗಳಾಗುವುದು ಮುಖ, ತಲೆಗೇ.

ಹಾವಿನ ಮಾತು ಚಿಕ್ಕದು. ಕಲ್ಲಿನ ಮೇಲೆ ಕೂರುವ ಮುನ್ನ ಅದರ ಅಡಿ ನೋಡಿ, ಕೈ ಕಾಣದ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಇರುವ ಆಸ್ಪತ್ರೆಗೆ ನೇರ ಹೋಗಬೇಕು.

ಅನುಮತಿ ಮತ್ತು ತಯಾರಿ

ಧಾಮದೊಳಗೆ ಯಾರು ಹೋಗಬಹುದು ಎಂಬುದನ್ನು ವನ್ಯಜೀವಿ ಕಾಯ್ದೆಯ 27 ಮತ್ತು 28ನೇ ಸೆಕ್ಷನ್‌ಗಳು ಹೇಳುತ್ತವೆ. ಅಲ್ಲಿನ ನಿವಾಸಿಗಳು, ಕರ್ತವ್ಯದಲ್ಲಿರುವವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು ಇಂಥವರನ್ನು ಬಿಟ್ಟರೆ ಉಳಿದವರಿಗೆ ಅನುಮತಿ ಬೇಕು. ಪ್ರವಾಸ, ಛಾಯಾಗ್ರಹಣ, ಅಧ್ಯಯನ, ಸಂಶೋಧನೆಗಳಿಗೆ ಅನುಮತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಮೊದಲು ಕೇಳಬೇಕಾದದ್ದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ. ಹೊರಡುವ ಒಂದು ವಾರ ಮೊದಲೇ ಹೋಗಿ: ಎಷ್ಟು ಜನ, ಯಾವ ದಿನ, ಯಾವ ಗಾಡಿ, ಯಾವ ಉದ್ದೇಶ ಎಂದು ಬರೆದ ಅರ್ಜಿ, ಜೊತೆಗೆ ಗುರುತಿನ ಚೀಟಿಯ ನಕಲು. ಬೆಂಕಿಯ ಕಾಲದಲ್ಲಿ ಕಾಡು ಮುಚ್ಚಿದ್ದರೆ ಅದೂ ಅಲ್ಲೇ ತಿಳಿಯುತ್ತದೆ. ಡ್ರೋನ್ ಹಾರಿಸುವ ಆಸೆಯನ್ನು ಮನೆಯಲ್ಲೇ ಬಿಡಿ. ಜೋಗಿಮಟ್ಟಿಗೆ ಹೋಗುವವರು ಮಕ್ಕಳಿದ್ದರೆ ತಪ್ಪಲಿನ ಆಡುಮಲ್ಲೇಶ್ವರದ ಕಿರು ಮೃಗಾಲಯವನ್ನೂ ಸೇರಿಸಿಕೊಳ್ಳಬಹುದು, ಕಾಡಿನಲ್ಲಿ ಏನನ್ನು ಹುಡುಕುತ್ತಿದ್ದೇವೆ ಎಂದು ಅವರಿಗೆ ಅಂದಾಜಾಗುತ್ತದೆ.

ಪ್ರಾಣಿ ನೋಡುವುದೇ ಗುರಿಯಾದರೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ: ಎಲೆ ಉದುರಿ ದೃಷ್ಟಿ ದೂರ ಹೋಗುತ್ತದೆ, ನೀರು ಕೆಲವೇ ಕಡೆ ಇರುತ್ತದೆ. ಹಸಿರು, ನವಿಲಿನ ಕುಣಿತ ಬೇಕಾದರೆ ಜೂನ್ ನಂತರ. ಜೋಗಿಮಟ್ಟಿಯ ಮಂಜು ಜೂನ್‌ನಿಂದ ಆಗಸ್ಟಿನವರೆಗಿನ ಪಡುವಣ ಗಾಳಿಯ ಕೊಡುಗೆ. ಮೋಡ ಬಯಲಿನ ಮೇಲೆ ಸುಮ್ಮನೆ ಹಾದುಹೋಗಿ, ಗುಡ್ಡಕ್ಕೆ ತಾಕಿದಾಗ ಮೇಲೇರಿ ತಂಪಾಗಿ ಮಂಜಾಗಿ ಕೂರುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಹುಲ್ಲೆ ಹುಡುಕುವುದು ವ್ಯರ್ಥ.

ಸೂರ್ಯ ಹುಟ್ಟಿದ ನಂತರದ ಎರಡು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ ಮುಖ್ಯ. ನಡುಮಧ್ಯಾಹ್ನ ಪ್ರಾಣಿಯೂ ನೆರಳಿನಲ್ಲಿರುತ್ತದೆ, ನೀವೂ ಇರಿ. ಬೇಸಿಗೆಯಲ್ಲಿ ಕುಡಿಯಲು ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಚಿಟಿಕೆ ಉಪ್ಪು-ಸಕ್ಕರೆ. ಬಟ್ಟೆ ಒಣಹುಲ್ಲಿನ ಅಥವಾ ಮಣ್ಣಿನ ಬಣ್ಣದ್ದು. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿದರೆ ಉಣುಗು ಮೇಲೆ ಹತ್ತುವುದು ತಪ್ಪುತ್ತದೆ. ದುರ್ಬೀನಿನ ಮೇಲೆ 8×42 ಎಂದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿ.ಮೀ. ಎಂದರ್ಥ. ಹೆಚ್ಚು ಪಟ್ಟಿನದು ಒಳ್ಳೆಯದೆಂದು 12, 16ರದ್ದು ಕೊಂಡವರು ಪಶ್ಚಾತ್ತಾಪ ಪಡುತ್ತಾರೆ: ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ, ಕಾಣುವ ಅಗಲವೂ ಕಿರಿದಾಗುತ್ತದೆ. ಕುರುಚಲು ಕಾಡಿಗೆ 8 ಸಾಕು.

ಹುಲ್ಲಿನಲ್ಲಿ ಮರಿ, ಹುಲ್ಲಿಗೆ ಬೆಂಕಿ

ಕೊಂಡುಕುರಿಗಳು ಮಳೆಗಾಲದಲ್ಲಿ ಕೂಡುತ್ತವೆ. ಗರ್ಭ ಸುಮಾರು ಎಂಟು ತಿಂಗಳು. ಲೆಕ್ಕ ಹಾಕಿದರೆ ಮರಿ ಹುಟ್ಟುವುದು ಜನವರಿ-ಫೆಬ್ರುವರಿ ಆಸುಪಾಸು. ಒಂದೋ ಎರಡೋ ಮರಿ, ಒಂದೊಂದರ ತೂಕ ಒಂದು ಕೆ.ಜಿ. ಇದ್ದರೆ ಹೆಚ್ಚು. ತಾಯಿ ಅವನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಉಸಿರು ಬಿಗಿಹಿಡಿದು ಮಲಗಿರುತ್ತದೆ, ನೀವು ಬಗ್ಗಿ ನೋಡಿದರೂ ಏಳುವುದಿಲ್ಲ. ‘ಪಾಪ, ತಾಯಿ ಬಿಟ್ಟುಹೋಗಿದೆ’ ಎಂದು ಎತ್ತಿಕೊಂಡು ಬರುವವರು ತಿಳಿಯದೇ ಅದನ್ನು ಕೊಲ್ಲುತ್ತಾರೆ. ತಾಯಿ ಅಲ್ಲೇ ಎಲ್ಲೋ ನೀವು ಹೋಗಲೆಂದು ಕಾಯುತ್ತಿರುತ್ತದೆ. ಮುಟ್ಟದೆ, ಫೋಟೊಗೆ ನಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ. ಗಾಯಗೊಂಡ ಮರಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಅದೇ ತಿಂಗಳುಗಳಲ್ಲಿ ಆ ಹುಲ್ಲು ಒಣಗಿ ಬೆಂಕಿಪೆಟ್ಟಿಗೆಯಂತಾಗಿರುತ್ತದೆ. ದೊಡ್ಡ ಪ್ರಾಣಿ ಓಡುತ್ತದೆ. ಅಲುಗಾಡಬಾರದು ಎಂಬ ಬುದ್ಧಿಯನ್ನೇ ಹುಟ್ಟಿನಿಂದ ಪಡೆದ ಮರಿ ಬೆಂಕಿ ಬಂದಾಗಲೂ ಅಲುಗಾಡುವುದಿಲ್ಲ. ಜನವರಿಯಲ್ಲಿ ಇಲಾಖೆಯವರು ಹುಲ್ಲು ಸವರಿ ಬರಿದು ಮಾಡಿದ ಉದ್ದನೆಯ ಪಟ್ಟಿಗಳು ಕಾಣುತ್ತವೆ. ಅವೇ ಬೆಂಕಿ ರೇಖೆಗಳು. ಒಂದು ಬದಿಯ ಬೆಂಕಿ ಇನ್ನೊಂದು ಬದಿಗೆ ದಾಟದಿರಲೆಂದು ಮಾಡಿದ ತಡೆ ಅದು, ಗಾಡಿ ನಿಲ್ಲಿಸಲು ಅಥವಾ ಅಡುಗೆ ಮಾಡಲು ಮಾಡಿದ ಜಾಗವಲ್ಲ. ಧಾಮದಲ್ಲಿ ಬೆಂಕಿ ಹಚ್ಚುವುದು, ಉರಿಯುವುದನ್ನು ಬಿಟ್ಟುಬರುವುದು 30ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಡಿನ ವಸ್ತು ಹೊತ್ತು ತರುವುದಕ್ಕೆ 29ನೇ ಸೆಕ್ಷನ್ ಅಡ್ಡಿ. ನವಿಲುಗರಿ ತಾನಾಗಿ ಉದುರಿದ್ದಾದರೂ ಧಾಮದಲ್ಲಿ ಬಿದ್ದದ್ದು ಅಲ್ಲೇ ಇರಲಿ.

ಫೋಟೊ ತೆಗೆಯುವಾಗ

ಹೆಜ್ಜೆ ಅಥವಾ ಹಿಕ್ಕೆಯ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಡ್ಡಳತೆ 27 ಮಿ.ಮೀ.; ಚಿತ್ರ ನೋಡಿದವರು ಯಾರಾದರೂ ಗಾತ್ರ ಲೆಕ್ಕ ಹಾಕಬಹುದು. ನೇರ ಮೇಲಿನಿಂದ ಒಂದು, ಸುತ್ತಲಿನ ಜಾಗ ಕಾಣುವಂತೆ ಇನ್ನೊಂದು. ದಿನಾಂಕ, ಹೊತ್ತು, ನೀರಿನಿಂದ ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳಿ. ವಲಯ ಕಚೇರಿಗೆ ಕೊಟ್ಟರೆ ಅವರಿಗೂ ಉಪಯೋಗ. ಗ್ರೂಪುಗಳಿಗೆ ಹಾಕುವ ಚಿತ್ರಕ್ಕೆ ಮಾತ್ರ ಮೊಬೈಲಿನ ಲೊಕೇಶನ್ ಆಫ್ ಮಾಡಿ, ಹಿನ್ನೆಲೆಯ ಗುಡ್ಡ ಅಥವಾ ಗೋಕಟ್ಟೆ ಗುರುತು ಸಿಗದಂತೆ ಕತ್ತರಿಸಿ. ಕೊಂಡುಕುರಿ ಅದೇ ಹಿಕ್ಕೆ ಗುಡ್ಡೆಗೆ, ಅದೇ ನೀರಿಗೆ ನಾಳೆಯೂ ಬರುತ್ತದೆ. ಉರುಳು ಹಾಕುವವರಿಗೂ ಅದು ಗೊತ್ತು.